ಗರಗಸದ ಇನ್ನೊಂದು ಕೈ

ಮೊನ್ನೆ ಪಕ್ಕದ ಮನೆಯ ಮೇಷ್ಟ್ರು ನಮ್ಮ ಗೇಟಿನ ಹತ್ತಿರ ನಿಂತು, ಹಗುರವಾದ ಮೋಟಾರು ಗರಗಸ ಯಾವುದು ಒಳ್ಳೆಯದು, ಸವಳಂಗ ರಸ್ತೆಯ ಅಂಗಡಿಯಲ್ಲೇ ತೆಗೆದುಕೊಳ್ಳಲೋ ಬೇರೆ ಕಡೆ ವಿಚಾರಿಸಲೋ ಎಂದು ಕೇಳಿದರು. ಅವರ ಹಿತ್ತಲಿನ ಹಲಸಿನ ಕೊಂಬೆಯೊಂದು ಹೆಂಚಿನ ಮೇಲೆ ಬಾಗಿದೆ, ಅದನ್ನು ತಾವೇ ಕೊಯ್ಯಬೇಕಂತೆ. ನಾನು ಗರಗಸದವರ ಮನೆಯಲ್ಲಿ ಹುಟ್ಟಿದವನು ಎಂದು ಅವರಿಗೆ ಯಾರೋ ಹೇಳಿದ್ದಾರೆ. "ಹಗುರ" ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, "ಮೇಷ್ಟ್ರೇ, ನೀವು ಕೊಯ್ಯುವಾಗ ಕೆಳಗೆ ಯಾರು ನಿಂತಿರ್ತಾರೆ?" ಎಂದು ಕೇಳಿಬಿಟ್ಟೆ. ಪಾಪ, ಸಾಹೇಬರಿಗೆ ವಯಸ್ಸಾಯಿತು ಎಂದುಕೊಂಡರೋ ಏನೋ, ಇನ್ನೊಂದು ದಿನ ಬರ್ತೀನಿ ಎಂದು ಹೊರಟೇಹೋದರು.

ಅವರದೇನೂ ತಪ್ಪಿಲ್ಲ. ಹಗುರವಾದ ಗರಗಸವನ್ನು ನಾನೂ ಒಮ್ಮೆ ಹುಡುಕಿಕೊಂಡು ಹೋಗಿದ್ದೆ. ಅದು ಮೋಟಾರಿನದಲ್ಲ. ಮೇಲೊಬ್ಬ, ಕೆಳಗೊಬ್ಬ ಹಿಡಿದು ದಿಮ್ಮಿ ಸೀಳುವ, ಆಳುದ್ದದ ಜೋಡಿ ಗರಗಸ. ಅದನ್ನು ಕೊಳ್ಳುವ ಹೊತ್ತಿಗೆ ನಾನು ಪಟ್ಟ ಪಾಡು ಹೇಳತೀರದು.

ಮೊದಲೇ ಹೇಳಿಬಿಡುತ್ತೇನೆ, ಗಾಬರಿ ನನ್ನ ಹುಟ್ಟುಗುಣ. ಬೀಗ ಹಾಕಿ ನಾಲ್ಕು ಹೆಜ್ಜೆ ನಡೆದು ಮತ್ತೆ ಬಂದು ಎಳೆದು ನೋಡುವವನು ನಾನು. ಆಗ ಭದ್ರಾವತಿಯ ಕಾರ್ಖಾನೆಯೊಂದರ ಉಗ್ರಾಣದಲ್ಲಿ ಗುಮಾಸ್ತನಾಗಿದ್ದೆ. ಶಿವಮೊಗ್ಗದಿಂದ ದಿನಾ ರೈಲು. ಗಾಡಿ ಬರುವ ಮುಕ್ಕಾಲು ಗಂಟೆ ಮೊದಲೇ ಪ್ಲಾಟ್‌ಫಾರಮ್ಮಿನಲ್ಲಿ ನಿಂತು, ಇವತ್ತು ಗಾಡಿ ತಪ್ಪಿಹೋಯಿತೇನೋ ಎಂದು ಬೆವರುತ್ತಿದ್ದೆ. ಉಗ್ರಾಣದಲ್ಲಿ ನನ್ನ ಕೆಲಸ ತೂಕ ಹಾಕಿಸುವುದು. ಮೊಳೆ, ಬೋಲ್ಟು, ಸರಪಳಿ, ಏನು ಬಂದರೂ ತಕ್ಕಡಿಗೆ. ಸೇರು ಹೋಗಿ ಕಿಲೋ ಬಂದ ಹೊಸತು. ಎರಡನ್ನೂ ಬಾಯಲ್ಲೇ ಲೆಕ್ಕ ಹಾಕುತ್ತಿದ್ದೆನಾದ್ದರಿಂದ ತೂಕದ ವಿಷಯದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ಬೇರೆ ಇತ್ತು. ಮುಂದೆ ಆದದ್ದಕ್ಕೆಲ್ಲ ಆ ಜಂಬವೇ ಕಾರಣ.

ನನ್ನ ಅಬ್ಬಾ ಖಾಸಿಂ ಸಾಬರು ಮರ ಕೊಯ್ಯುವವರು. ಅವರ ಜೊತೆಗಾರರು ರುದ್ರಣ್ಣ. ನಾನು ಅವರನ್ನು ಮಾಮಾ ಎಂದು ಕರೆಯುತ್ತಿದ್ದೆ. ಇಬ್ಬರೂ ಮೀಸೆ ಚಿಗುರುವ ಕಾಲದಿಂದ ಒಂದೇ ಗರಗಸದ ಎರಡು ತುದಿ ಹಿಡಿದವರು. ದಿಮ್ಮಿಯನ್ನು ಕವೆಗಂಬಗಳ ಮೇಲೆ ಎತ್ತರಕ್ಕೆ ಏರಿಸಿ ಕಟ್ಟುತ್ತಿದ್ದರು. ರುದ್ರಣ್ಣ ಮಾಮ ಮಸಿಯಲ್ಲಿ ಅದ್ದಿದ ದಾರ ಹಿಡಿದು ಮೇಲೆ ಗೆರೆ ಹೊಡೆದು, ಆ ಗೆರೆಯ ಮೇಲೆ ನಿಲ್ಲುತ್ತಿದ್ದರು. ಅಬ್ಬಾ ಕೆಳಗೆ. ಮೇಲಿನವನು ಮೇಸ್ತ್ರಿ, ಹಿರಿಯ. ಗೆರೆ ಅವನದು, ಮಾತು ಅವನದು. ಕೆಳಗಿನವನಿಗೆ ಮೇಲಿನಿಂದ ಸುರಿಯುವ ಮರದ ಹೊಟ್ಟು. ಗರಗಸ ಏರುತ್ತದೆ, ಇಳಿಯುತ್ತದೆ, ಇಳಿದಾಗ ಮರ ಕೊಯ್ಯುತ್ತದೆ. ನನಗೆ ಗೊತ್ತಿದ್ದದ್ದು ಇಷ್ಟೇ. ಅಬ್ಬಾ ನನ್ನನ್ನು ಗರಗಸದ ಹಿಡಿ ಮುಟ್ಟಲು ಬಿಟ್ಟವರೇ ಅಲ್ಲ. ನಿನ್ನ ಕೈಗೆ ಪೆನ್ನು ಸಾಕು ಎನ್ನುತ್ತಿದ್ದರು.

ಚಿಕ್ಕವರಿದ್ದಾಗ ನನಗೂ ತಂಗಿಗೂ ಒಂದು ಆಟವಿತ್ತು. ಸಂಜೆ ಅಬ್ಬಾ ಬಂದು ಅಂಗಿ ಕಳಚಿ ಅಂಗಳದ ಗೂಟಕ್ಕೆ ಹಾಕಿದ ಕೂಡಲೇ ಓಡಿಹೋಗಿ ಮೂಸಿ ನೋಡಿ, ಇವತ್ತು ಯಾವ ಮರ ಎಂದು ಹೇಳಬೇಕು. ಹೊನ್ನೆಯಾದರೆ ಬೆವರಿಗೆ ಅಂಗಿಯೇ ಹಳದಿಯಾಗಿರುತ್ತಿತ್ತು, ಮೂಸುವುದೇ ಬೇಡ. ಬೀಟೆಗೆ ಸಿಹಿ ವಾಸನೆ. ಮಾವಿಗೆ ಹುಳಿ. ಅಮ್ಮಿ ಮಾತ್ರ ಆ ಅಂಗಿಯನ್ನು ಬೀದಿಗೆ ಒಯ್ದು ಪಟಪಟ ಕೊಡವಿಯೇ ಒಳಗೆ ತರುತ್ತಿದ್ದಳು. ಅನ್ನದಲ್ಲೂ ಹೊಟ್ಟು, ಹಾಸಿಗೆಯಲ್ಲೂ ಹೊಟ್ಟು, ನಾನು ಮದುವೆಯಾದದ್ದು ಮನುಷ್ಯನನ್ನೋ ಮರವನ್ನೋ ಎಂದು ಗೊಣಗುತ್ತಿದ್ದಳು. ಆಮೇಲೆ ಒದ್ದೆ ಬಟ್ಟೆಯ ಮೂಲೆಯನ್ನು ಚೂಪಾಗಿ ತಿರುಚಿ ಅಬ್ಬಾನ ಕಣ್ಣಿನಿಂದ ಹೊಟ್ಟು ತೆಗೆಯುತ್ತಿದ್ದಳು. ಅದು ನಮ್ಮ ಮನೆಯಲ್ಲಿ ಸಂಜೆಯ ಮಗ್ರಿಬ್ ನಮಾಜಿನಷ್ಟೇ ತಪ್ಪದೆ ನಡೆಯುವ ಕೆಲಸ. ಆಗ ನಾವು ನಗುತ್ತಿದ್ದೆವು, ಅಬ್ಬಾ ಮಗುವಿನ ಹಾಗೆ ಮುಖ ಮೇಲೆತ್ತಿ ಕೂತಿರುತ್ತಿದ್ದರು.

ವಿಷಯ ಎಲ್ಲಿಗೋ ಹೋಯಿತು. ಗಾಬರಿ ಶುರುವಾದದ್ದು ಒಂದು ಶುಕ್ರವಾರ. ಕಾರ್ಖಾನೆಗೆ ಏನೋ ರಜೆ, ಅಬ್ಬಾನ ಪಕ್ಕದಲ್ಲೇ ನಮಾಜಿಗೆ ನಿಂತಿದ್ದೆ. ಎಲ್ಲರೂ ಎರಡೂ ಕೈ ಕಿವಿಯವರೆಗೆ ಎತ್ತಿದಾಗ ಅಬ್ಬಾನ ಎಡಗೈ ಮಾತ್ರ ಕಿವಿ ಮುಟ್ಟಿತು. ಬಲಗೈ ಎದೆಯ ಹತ್ತಿರವೇ ನಿಂತಿತು. ನಮಾಜಿನಲ್ಲಿ ಓರೆಗಣ್ಣು ಹಾಯಿಸಬಾರದು, ಆದರೂ ನೋಡಿದೆ. ಆಮೇಲೆ ನಾನೇನು ಓದಿದೆನೋ ನನಗೇ ತಿಳಿಯದು.

ಮನೆಗೆ ಬಂದು ಅಮ್ಮಿಯನ್ನು ಕೇಳಿದರೆ ಅವಳು ಅತ್ತುಬಿಟ್ಟಳು. ಬೇಸಿಗೆಯಿಂದ ಹೀಗೆಯೇ ಅಂತೆ. ಅಂಗಿ ತೊಡಿಸುವುದೂ ಅವಳೇ. ಎಣ್ಣೆ ತಿಕ್ಕಿದ್ದಾಯಿತು, ಉಪ್ಪಿನ ಶಾಖ ಕೊಟ್ಟದ್ದಾಯಿತು, ಆಸ್ಪತ್ರೆಯಲ್ಲಿ ತೋರಿಸಿದ್ದಕ್ಕೆ ಕೈಗೆ ವಿಶ್ರಾಂತಿ ಕೊಡಿ ಎಂದರಂತೆ. ಅಬ್ಬಾ ನಕ್ಕು ಬಂದರಂತೆ. ರುದ್ರಣ್ಣನಿಗೆ ಮಾತ್ರ ಹೇಳಕೂಡದು ಎಂದು ಅವಳ ಕೈಯಲ್ಲಿ ಕುರಾನಿನ ಆಣೆ ಹಾಕಿಸಿಕೊಂಡಿದ್ದರು.

ಯಾಕೆಂದರೆ ಸೋಗಾನೆಯ ಕೆಲಸ ಬಂದಿತ್ತು. ಅಲ್ಲಿನ ಗೌಡರೊಬ್ಬರು ಮನೆ ಕಟ್ಟಿಸುತ್ತಿದ್ದರು. ತೊಲೆ, ಹಲಗೆ, ಬಾಗಿಲುವಾಡ ಎಲ್ಲ ಅಲ್ಲೇ ಕೊಯ್ದು ಕೊಡಬೇಕು. ಹೊತ್ತಿಗೆ ಸರಿಯಾಗಿ ಆಗದಿದ್ದರೆ ದಿಮ್ಮಿಗಳನ್ನು ಗಾಡಿಗೆ ಹೇರಿ ಶಿವಮೊಗ್ಗದ ಕರೆಂಟು ಮಿಲ್ಲಿಗೆ ಕಳಿಸುತ್ತೇನೆ ಎಂದು ಗೌಡರು ಮೊದಲೇ ಹೇಳಿಬಿಟ್ಟಿದ್ದರು. ಇತ್ತ ರುದ್ರಣ್ಣ ಮಾಮನ ಸೋದರಳಿಯನೊಬ್ಬ ಹೊಳೆಹೊನ್ನೂರಿನ ಕಡೆಯಿಂದ ಬಂದು, ಗಟ್ಟಿ ಆಳು, ಕೆಲಸವಿಲ್ಲದೆ ಕೂತಿದ್ದ. ಕೆಳಗಿನ ಕೈ ಸೋತಿದೆ ಎಂದು ಗೊತ್ತಾದರೆ ಅವನು ಬರುತ್ತಾನೆ, ಅಬ್ಬಾ ಮನೆಗೆ ಬರುತ್ತಾರೆ. ನನ್ನ ಸಂಬಳದಲ್ಲಿ ಊಟಕ್ಕೇನೂ ಕಷ್ಟವಿರಲಿಲ್ಲ. ಆದರೆ ಬೆಳಗಾದರೆ ರುದ್ರಣ್ಣನ ಮನೆ ಮುಂದೆ ಹೋಗಿ ನಿಂತು, ಹೊರಡೋಣ ಎಂಬಂತೆ ಕೆಮ್ಮದ ಅಬ್ಬಾನನ್ನು ನನಗೆ ಊಹಿಸಿಕೊಳ್ಳಲಾಗಲಿಲ್ಲ. ಅಂಥ ಅಬ್ಬಾ ಬದುಕಿರುವುದೇ ಇಲ್ಲ ಎಂದು ಹೆದರಿಕೆಯಾಯಿತು.

ಆಗ ನನ್ನ ತಕ್ಕಡಿಬುದ್ಧಿಗೆ ಹೊಳೆದದ್ದು ಹಗುರವಾದ ಗರಗಸ. ಹಳೆಯದು ಕಬ್ಬಿಣದ ಬಾಗಿಲಿನಷ್ಟು ಭಾರ. ಭಾರ ಅರ್ಧವಾದರೆ ನೋವೂ ಅರ್ಧ. ಇಷ್ಟು ಸುಲಭದ ಲೆಕ್ಕ ಯಾರಿಗೂ ತೋಚಲಿಲ್ಲವಲ್ಲ ಎಂದು ಖುಷಿಪಟ್ಟೆ.

ಮೊದಲು ಹೋದದ್ದು ಶಿವಮೊಗ್ಗದ ಪೇಟೆಯಲ್ಲಿ ಅಬ್ಬಾ ಅರ, ಸರಪಳಿ ಎಲ್ಲ ತರುತ್ತಿದ್ದ ಶೆಟ್ಟರ ಅಂಗಡಿಗೆ. ಶೆಟ್ಟರು ಕನ್ನಡಕದ ಮೇಲಿನಿಂದ ನೋಡಿ, "ಇನ್ನೊಂದು ಕೈ ಎಲ್ಲಿ?" ಎಂದರು. ನನಗೆ ಅರ್ಥವಾಗಲಿಲ್ಲ. ಅಂಗಡಿಯ ಹಿಂದಿನ ಅಂಗಳ ತೋರಿಸಿದರು. ಅಲ್ಲಿ ಜೋಡಿ ಗರಗಸ ಕೊಳ್ಳುವ ಇಬ್ಬರೂ ಎದುರುಬದುರು ನಿಂತು, ಹಿಡಿ ಹಿಡಿದು, ಗಾಳಿಯಲ್ಲೇ ಹತ್ತು ಸಲ ಎಳೆದು ನೋಡಬೇಕು. ಇಬ್ಬರ ಬಾಯಲ್ಲೂ "ಆಯ್ತು" ಬಂದ ಮೇಲೆಯೇ ಅವರು ಗರಗಸಕ್ಕೆ ಸುತ್ತಲು ಗೋಣಿ ಹುಡುಕುವುದು. ಒಬ್ಬರಿಗೆ ಜೋಡಿ ಗರಗಸ ಕೊಡುವ ಪದ್ಧತಿ ಇಲ್ಲ, ನಿಮ್ಮಪ್ಪನನ್ನೂ ರುದ್ರಣ್ಣನನ್ನೂ ಕರ್ಕೊಂಡು ಬಾ ಎಂದರು. ಇಬ್ಬರೂ ಬರುವ ಹಾಗಿದ್ದರೆ ನಾನ್ಯಾಕೆ ಬರುತ್ತಿದ್ದೆ! ನಾನು ಬಂದದ್ದನ್ನು ಅಬ್ಬಾಗೆ ಹೇಳಬೇಡಿ ಎಂದು ಬೇಡಿಕೊಂಡು ಹೊರಬಿದ್ದೆ. ಶೆಟ್ಟರು ಎಲ್ಲಿ ಬಾಯಿಬಿಡುತ್ತಾರೋ ಎಂದು ಮೂರು ದಿನ ಊಟ ರುಚಿಸಲಿಲ್ಲ. ಮುದುಕನ ಹಟಕ್ಕೆ ಮನಸ್ಸಿನಲ್ಲೇ ಬೈದೆ.

ಇನ್ನುಳಿದದ್ದು ಭದ್ರಾವತಿ. ನನ್ನನ್ನಾಗಲಿ ಅಬ್ಬಾನನ್ನಾಗಲಿ ಅರಿಯದ ಊರು ಎಂಬುದೇ ಅದರ ದೊಡ್ಡ ಗುಣವಾಗಿ ಕಂಡಿತು. ಕಾರ್ಖಾನೆಯ ಫಿಟ್ಟರು ಆರುಮುಗಂ ಹಳೇ ಪೇಟೆಯ ಒಂದು ಅಂಗಡಿ ಹೇಳಿದ. ಅಂಗಡಿಯವನು ಯಾರು, ಏನು, ಯಾವ ಮರ ಎಂದು ಒಂದು ಮಾತೂ ಕೇಳದೆ ಮೂರು ಗರಗಸ ತಂದು ಗೋಡೆಗೆ ಒರಗಿಸಿದ. ನಾನು ಪಕ್ಕದ ಹಳೇ ಕಬ್ಬಿಣದ ಅಂಗಡಿಯ ತಕ್ಕಡಿಗೆ ಮೂರನ್ನೂ ಹಾಕಿಸಿದೆ. ಬದನೆಕಾಯಿ ಆರಿಸುವ ಹಾಗೆ ಆರಿಸಿದೆ ಎನ್ನಿ. ಮೂರನೆಯದು ತೆಳ್ಳಗೆ, ಬಳುಕುತ್ತಿತ್ತು, ಹಳೆಯದರ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ತೂಕ. ಇನ್ನೇನು ಬೇಕು. ತೆಗೆದುಕೊಂಡು ಆಚೆ ಬಂದ ಮೇಲೆ, ಬಳುಕಿದ್ದು ಒಳ್ಳೆಯದೋ ಕೆಟ್ಟದ್ದೋ ಎಂಬ ಸಂಶಯ ಬಂದು ಮತ್ತೆ ಹೋದೆ. ಅಂಗಡಿಯವನು ಒಳ್ಳೆಯದೇ ಎಂದ. ಸ್ಟೇಷನ್ನಿನ ಅರ್ಧ ದಾರಿಯಿಂದ ಇನ್ನೊಮ್ಮೆ ಹೋದೆ. ಆಗಲೂ ಅದನ್ನೇ ಹೇಳಿದ, ಸ್ವಲ್ಪ ಜೋರಾಗಿ.

ರೈಲಿನ ಪ್ರಯಾಣ ನೆನೆದರೆ ಈಗಲೂ ಬೆವರು. ಆಳುದ್ದದ ಗರಗಸಕ್ಕೆ ಎರಡು ಗೋಣಿ ಸುತ್ತಿ ಹುರಿ ಬಿಗಿದಿದ್ದೆ. ಆದರೂ ಹಲ್ಲುಗಳು ಗೋಣಿಯ ಒಳಗಿಂದ ಇಣುಕುತ್ತಿದ್ದವು. ಬೆಂಚಿನ ಕೆಳಗಿಟ್ಟರೆ ಯಾರ ಕಾಲಿಗೆ ತಾಗುತ್ತದೋ, ಮೇಲಿಟ್ಟರೆ ಯಾರ ತಲೆಗೆ ಬೀಳುತ್ತದೋ. ಕಡೆಗೆ ಬಾಗಿಲ ಪಕ್ಕ ತಬ್ಬಿಕೊಂಡು ನಿಂತೆ. ವೀಳ್ಯದೆಲೆ ಬುಟ್ಟಿಯ ಅಜ್ಜಿಯೊಬ್ಬಳು, ಅದೇನಪ್ಪಾ ಹೆಂಡ್ತೀನ ಹಿಡ್ಕೊಂಡ ಹಾಗೆ ಹಿಡ್ಕೊಂಡಿದೀಯ ಎಂದು ಕೇಳಿದಾಗ ಡಬ್ಬಿಯೆಲ್ಲ ನಕ್ಕಿತು. ನಾನೂ ನಕ್ಕೆ. ಒಳಗೊಳಗೆ ಮಾತ್ರ, ಅಬ್ಬಾ ಇದನ್ನು ಬೇಡವೆಂದರೆ ಎಂಬ ಯೋಚನೆಯೇ.

ಅಬ್ಬಾ ಬೇಡವೆನ್ನಲಿಲ್ಲ. ಗೋಣಿ ಬಿಚ್ಚಿ, ಗರಗಸದ ಅಲಗನ್ನು ಎಡಗೈಯಲ್ಲಿ ಬಾಗಿಸಿ ಬಿಟ್ಟರು. ಉಗುರಿನಿಂದ ಮೀಟಿ ಕಿವಿಯಿಟ್ಟು ಕೇಳಿದರು.

"ರುದ್ರಣ್ಣ ನೋಡಿದ್ನಾ?" ಎಂದರು ಕೊನೆಗೆ.

ಇಲ್ಲವೆಂದೆ. ನಿಮಗೆಂದೇ ತಂದದ್ದು, ಹಗುರವಾಗಿದೆ, ತೂಕ ಹಾಕಿಸಿಯೇ ತಂದಿದ್ದೇನೆ ಎಂದೆ. ಅವರು ನನ್ನ ಮುಖ ನೋಡಿ, "ಚೆನ್ನಾಗಿದೆ" ಎಂದು ತಲೆ ಸವರಿದರು. ಸವರಿದ್ದು ಎಡಗೈ. ಮಾರನೆಯ ದಿನ ಗರಗಸ ಸೋಗಾನೆಗೆ ಹೋಯಿತು. ಸಂಜೆ ಬಂದಾಗ ಕೇಳಿದೆ, ಚೆನ್ನಾಗಿದೆ ಎಂದರು. ಮರುದಿನ ಕೇಳಿದೆ, ಚೆನ್ನಾಗಿದೆ. ಆದರೆ ಊಟದ ತಟ್ಟೆಯ ಮುಂದೆ ಅವರ ಬಲಗೈ ತೊಡೆಯ ಮೇಲೆಯೇ ಬಿದ್ದಿರುತ್ತಿತ್ತು. ಅಮ್ಮಿ ತುತ್ತು ಮಾಡಿಕೊಡುತ್ತಿದ್ದಳು, ನನ್ನ ಕಡೆ ನೋಡುತ್ತಿರಲಿಲ್ಲ.

ಭಾನುವಾರ ತಡೆಯಲಾರದೆ ಸೈಕಲ್ಲು ಹತ್ತಿ ಸೋಗಾನೆಗೆ ಹೋದೆ. ದೂರದಿಂದಲೇ ಗರಗಸದ ಸದ್ದು ಕೇಳಿತು. ಹಳೆಯದರ ಹಾಗೆ ಗಟ್ಟಿ ಉಸಿರಿನ ಸದ್ದಲ್ಲ, ತೆಳ್ಳಗೆ, ಅಳುವ ಹಾಗೆ. ಮೇಲೆ ರುದ್ರಣ್ಣ ಮಾಮ ಆರಾಮಾಗಿ ನಿಂತಿದ್ದರು. ನನ್ನನ್ನು ಕಂಡದ್ದೇ ಮುಖ ಅರಳಿತು. "ಏನು ಗರಗಸ ತಂದ್ಯೋ ಮಾರಾಯ, ಹೂವು ಎತ್ತಿದ ಹಾಗೆ ಬರುತ್ತೆ. ಹಳೇದನ್ನ ಎತ್ತಿ ಎತ್ತಿ ನನ್ನ ಸೊಂಟಾನೇ ಬಿದ್ದುಹೋಗಿತ್ತು. ಆದ್ರೆ ಯಾಕೋ, ಕೊಯ್ಯೋದು ಮಾತ್ರ ನಿಧಾನ ಆಗ್ತಿದೆ."

ನಾನು ಕೆಳಗೆ ನೋಡಿದೆ. ಅಬ್ಬಾ ಎಡಗೈಯಲ್ಲಿ ಹಿಡಿ ಹಿಡಿದು, ಬಲಗೈಯನ್ನು ಹೇಗೋ ಅದಕ್ಕೆ ಸಿಕ್ಕಿಸಿ, ಮೈಯ ಭಾರವನ್ನೆಲ್ಲ ಹಾಕಿ ಜೋತುಬೀಳುತ್ತಿದ್ದರು. ಗಡ್ಡ, ಹುಬ್ಬು ಎಲ್ಲ ಹೊಟ್ಟು. ತುಟಿ ಕಚ್ಚಿಕೊಂಡಿದ್ದರು. ಕಣ್ಣಿನಿಂದ ಇಳಿದ ನೀರು ಹೊಟ್ಟಿನಲ್ಲಿ ಎರಡು ಗೆರೆ ಕೊರೆದಿತ್ತು. ಅವರ ಆ ಮುಖ ರುದ್ರಣ್ಣ ಮಾಮನಿಗೆ ಕಾಣುವ ಹಾಗಿರಲಿಲ್ಲ. ನಡುವೆ ದಿಮ್ಮಿಯಿತ್ತು.

ಆಗ ನನ್ನ ಮಂಡೆಗೆ ಹೋಯಿತು. ಗರಗಸ ಎತ್ತುವವನು ಮೇಲಿನವನು, ಭಾರವೆಲ್ಲ ಅವನದು. ಕೆಳಗಿನವನು ಎಳೆಯುವವನು. ಗರಗಸ ಭಾರವಾಗಿದ್ದರೆ ತಾನಾಗಿಯೇ ಇಳಿಯುತ್ತದೆ, ಅರ್ಧ ಕೆಲಸ ಅದೇ ಮಾಡುತ್ತದೆ. ನಾನು ಕಳೆದು ತಂದ ಅಷ್ಟೂ ತೂಕವನ್ನು ಅಬ್ಬಾ ಈ ವಾರವೆಲ್ಲ ತಮ್ಮ ಆ ತೋಳಿನಿಂದ ತುಂಬಿಕೊಡುತ್ತಿದ್ದರು. ಶೆಟ್ಟರ ಅಂಗಳದಲ್ಲಿ ಇಬ್ಬರೂ ಹತ್ತು ಸಲ ಎಳೆದಿದ್ದರೆ ಅಲ್ಲೇ ತಿಳಿಯುತ್ತಿತ್ತು. ಅಬ್ಬಾಗೆ ಉಗುರಿನಿಂದ ಮೀಟಿದಾಗಲೇ ತಿಳಿದಿತ್ತು. ತಿಳಿದೂ, ಮಗ ತಂದದ್ದು ಎಂದು ಚೆನ್ನಾಗಿದೆ ಎಂದಿದ್ದರು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಹೇಳಿದರೆ ಅಬ್ಬಾನ ಕೆಲಸ ಹೋಗುತ್ತದೆ. ಹೇಳದಿದ್ದರೆ ತೋಳೇ ಹೋಗುತ್ತದೆ. ಗರಗಸ ಇನ್ನೊಂದು ನಾಲ್ಕು ಸಲ ಏರಿ ಇಳಿಯಿತು. ನನ್ನ ಬಾಯಿ ನನ್ನನ್ನು ಕೇಳಲಿಲ್ಲ.

"ಮಾಮಾ, ಅಬ್ಬಾಗೆ ಬಲಗೈ ಮೇಲಕ್ಕೆ ಏಳಲ್ಲ."

ಗರಗಸ ದಿಮ್ಮಿಯ ಅರ್ಧದಲ್ಲೇ ನಿಂತಿತು. ಅಬ್ಬಾ ನನ್ನ ಕಡೆ ನೋಡಿದ ನೋಟಕ್ಕಿಂತ ಕಪಾಳಕ್ಕೆ ಎರಡು ಬಿಗಿದಿದ್ದರೆ ವಾಸಿಯಿತ್ತು. ರುದ್ರಣ್ಣ ಮಾಮ ಇಳಿದು ಬಂದರು. ಅಬ್ಬಾನ ಬಲಗೈ ಹಿಡಿದು ಮೆಲ್ಲಗೆ ಎತ್ತಲು ನೋಡಿದರು. ಎದೆಯ ಮಟ್ಟಕ್ಕೆ ಬಂದು ನಿಂತಿತು.

"ಯಾವಾಗಿಂದ?"

"ಬೇಸಿಗೆಯಿಂದ."

"ನಂಗ್ಯಾಕೆ ಹೇಳ್ಲಿಲ್ಲ ಖಾಸಿಂ?"

"ಹೇಳಿದ್ರೆ ನಿನ್ನ ಅಳಿಯ ಬರ್ತಾನಲ್ಲ" ಎಂದರು ಅಬ್ಬಾ.

ರುದ್ರಣ್ಣ ಮಾಮ ಹಿಡಿದ ಕೈಯನ್ನು ಮೆಲ್ಲಗೆ ಕೆಳಗಿಳಿಸಿದರು. ಇನ್ನೇನು ಅಳಿಯನಿಗೆ ಹೇಳಿ ಕಳಿಸುತ್ತಾರೆ, ಇನ್ನೇನು ಗೌಡರ ಗಾಡಿ ಬರುತ್ತದೆ ಎಂದು ನಾನು ಸೈಕಲ್ಲಿನ ಹ್ಯಾಂಡಲ್ಲು ಬಿಗಿಯಾಗಿ ಹಿಡಿದಿದ್ದೆ. ಅವರು ಹೆಗಲ ಮೇಲಿನ ಟವೆಲು ತೆಗೆದು ತಲೆಗೆ ಸುತ್ತಿಕೊಂಡರು. "ಮೇಲೆ ಹತ್ತು" ಎಂದರು.

ಅಬ್ಬಾ ಒಪ್ಪಲಿಲ್ಲ. ಮೇಲಿನ ಜಾಗ ನಿನ್ನದು, ಗೆರೆ ನಿನ್ನದು, ಜನ ಏನಂದಾರು ಎಂದರು. ರುದ್ರಣ್ಣ ಮಾಮ ಕೇಳುವ ಹಾಗೆ ಕಾಣಲಿಲ್ಲ. "ಗೆರೆ ನಾನೇ ಹೊಡೆದು ಕೊಡ್ತೀನಿ. ನೀನು ಎದೆ ಮಟ್ಟಕ್ಕೆ ಎತ್ತಿ ಬಿಟ್ರೆ ಸಾಕು, ಎಳೆಯೋದು ನಂದು. ಹಗುರ ಇದೆಯಲ್ಲ, ನಿನ್ನ ಮಗ ನಿಂಗೆ ಅಂತಾನೇ ತಂದಿದ್ದು" ಎಂದರು.

ಅಬ್ಬಾ ದಿಮ್ಮಿಯ ಮೇಲೆ ನಿಂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಕಾಲು ಜಾರೀತೆಂದು ನನಗೆ ಜೀವ ಬಾಯಿಗೆ ಬಂದಿತ್ತು. ಮೊದಲ ಸಲ ಗರಗಸ ಗೆರೆ ಬಿಟ್ಟು ಒಂದು ಬೆರಳಷ್ಟು ಓಡಿತು. ಎರಡನೆಯ ಸಲ ಅರ್ಧ ಬೆರಳು. ಆಮೇಲೆ ಸರಿಹೋಯಿತು. ಹೊಟ್ಟು ಬೀಳುತ್ತೆ, ಟವೆಲು ತಲೆಗಲ್ಲ, ಹುಬ್ಬಿನ ಮೇಲಕ್ಕೆ ಕಟ್ಟು ಎಂದು ಅಬ್ಬಾ ಮೇಲಿನಿಂದ ಎರಡು ಮೂರು ಸಲ ಹೇಳಿದರು. ಕೆಳಗಿದ್ದ ಮೇಸ್ತ್ರಿ ಕೇಳಿದವರಲ್ಲ. ಗೌಡರ ಕೆಲಸ ಹೇಳಿದ್ದಕ್ಕಿಂತ ಎರಡು ದಿನ ತಡವಾಗಿ ಮುಗಿಯಿತು. ಗೌಡರು ಗೊಣಗಿದರು, ಆದರೆ ಗಾಡಿ ಕಟ್ಟಿಸಲಿಲ್ಲ. ಆ ಗರಗಸದಲ್ಲೇ ಇಬ್ಬರೂ ಇನ್ನೂ ಕೆಲವು ವರ್ಷ ಕೊಯ್ದರು. ಅದರ ಒಂದು ಹಿಡಿ ಇವತ್ತಿಗೂ ನಮ್ಮ ಬಾಗಿಲು ಬಡಿಯದ ಹಾಗೆ ಅಡ್ಡ ಇದೆ.

ಆ ಭಾನುವಾರ ಸಂಜೆ ಕೆಲಸ ನಿಲ್ಲಿಸಿ ಮೂವರೂ ಗೌಡರ ಬಾವಿಯ ಹತ್ತಿರ ಹೋದೆವು. ನಾನು ನೀರು ಸೇದಿ ಸುರಿದೆ. ಎಷ್ಟು ತೊಳೆದರೂ ರುದ್ರಣ್ಣ ಮಾಮನಿಗೆ ಕಣ್ಣು ಬಿಡಲಾಗಲಿಲ್ಲ. ಕೆಂಡದ ಹಾಗೆ ಕೆಂಪಾಗಿ ಧಾರಾಕಾರ ನೀರು. ಅಬ್ಬಾ ತಮ್ಮ ಟವೆಲಿನ ಮೂಲೆ ನೆನೆಸಿ, ಅಮ್ಮಿ ಮಾಡುತ್ತಿದ್ದಂತೆಯೇ ಚೂಪಾಗಿ ತಿರುಚುತ್ತಿದ್ದರು.

"ಇಷ್ಟು ವರ್ಷ ಇದನ್ನೆಲ್ಲ ನಾನು ನಿನ್ನ ಕಣ್ಣಿಗೆ ಸುರೀತಿದ್ನಾ, ಮಾರಾಯ?" ಎಂದರು ರುದ್ರಣ್ಣ ಮಾಮ.

ಅಬ್ಬಾ ಎಡಗೈಯಲ್ಲಿ ಅವರ ರೆಪ್ಪೆ ಬಿಡಿಸಿ ಹಿಡಿದು, ಬಲಗೈಯಲ್ಲಿದ್ದ ಟವೆಲಿನ ಮೂಲೆಯನ್ನು ಮೇಲೆತ್ತಿದರು. ಕೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ರುದ್ರಣ್ಣ ಮಾಮ ಎತ್ತರದ ಆಳು. ಅವರು ತಲೆ ಬಗ್ಗಿಸಿ ಆ ಕೈಯವರೆಗೆ ಬಂದರು.